ಅವಧಿಪೂರ್ವ ಶಿಶುಗಳ ರಕ್ತನಂಜು: ಔಷಧಿಯೊಂದೇ ಉತ್ತರವಲ್ಲ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಅಂದಾಜಿನಂತೆ 2020ನೇ ಇಸವಿಯೊಂದರಲ್ಲೇ ಜಗತ್ತಿನಾದ್ಯಂತ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ದಿನ ತುಂಬುವ ಮೊದಲೇ, ಅಂದರೆ ಗರ್ಭದ 37 ವಾರಗಳು ಪೂರ್ಣಗೊಳ್ಳುವ ಮುನ್ನವೇ ಜನಿಸಿದವು. ಅವುಗಳಲ್ಲಿ 30 ಲಕ್ಷದಷ್ಟು ಮಕ್ಕಳು ಭಾರತದವು. ಬೇರೆ ಯಾವ ದೇಶದಲ್ಲೂ ಇಷ್ಟು ಅವಧಿಪೂರ್ವ ಜನನಗಳು ಆಗುವುದಿಲ್ಲ. ಈ ಮಕ್ಕಳ ಉಸಿರಾಟದ ತೊಂದರೆಗೆ ಇಂದು ಯಂತ್ರಗಳಿವೆ, ಮೈ ತಣ್ಣಗಾಗದಂತೆ ಕಾಪಾಡಲು ವಾರ್ಮರ್‌ಗಳಿವೆ. ಆದರೆ ಮೊದಲ ಒಂದೆರಡು ದಿನಗಳ ಗಂಡಾಂತರ ದಾಟಿಬಂದ ಅನೇಕ ಮಕ್ಕಳನ್ನು ಅನಂತರ ಕೊಂಡೊಯ್ಯುವ ಶತ್ರು ಬೇರೊಂದಿದೆ. ಅದೇ ರಕ್ತನಂಜು.

ನವಜಾತ ಶಿಶುಗಳ ಮರಣ ಪ್ರಮಾಣವನ್ನು 2030ರೊಳಗೆ ಸಾವಿರಕ್ಕೆ 12ಕ್ಕೆ ಇಳಿಸಬೇಕೆಂಬುದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿ. ಭಾರತ ಸರ್ಕಾರ 2014ರಲ್ಲಿ ಪ್ರಕಟಿಸಿದ ನವಜಾತ ಶಿಶು ಕ್ರಿಯಾ ಯೋಜನೆ ಇನ್ನೂ ಮುಂದೆ ಹೋಗಿ, ಅದನ್ನು ಒಂದಂಕಿಗೆ ಇಳಿಸುವುದಾಗಿ ಹೇಳಿತ್ತು. ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2021ರಲ್ಲಿ ದೇಶದ ಸರಾಸರಿ 19 ಇತ್ತು. ವಿಶ್ವಸಂಸ್ಥೆಯ ಗುರಿಯನ್ನು 2020ರಲ್ಲೇ ಮುಟ್ಟಿದ ರಾಜ್ಯಗಳ ಸಾಲಿನಲ್ಲಿ ಕೇರಳ, ತಮಿಳುನಾಡು, ಮಹಾರಾಷ್ಟ್ರಗಳಿದ್ದವು. ಈ ಮೂರೂ ನಮ್ಮ ನೆರೆಯ ರಾಜ್ಯಗಳು. ಆ ಸಾಲಿನಲ್ಲಿ ಕರ್ನಾಟಕ ಇರಲಿಲ್ಲ. ಇನ್ನುಳಿದ ದೂರವನ್ನು ಕ್ರಮಿಸಬೇಕಾದರೆ ಅವಧಿಪೂರ್ವ ಶಿಶುಗಳ ನಂಜನ್ನು ಎದುರಿಸದೆ ಅನ್ಯಮಾರ್ಗವಿಲ್ಲ. ಅದಕ್ಕೆ ಮೊದಲು, ಆ ಪುಟ್ಟ ದೇಹ ರೋಗಾಣುವಿನ ಎದುರು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಅರಿಯುವುದು ಅಗತ್ಯ.

ನಂಜು ಎಂದರೇನು?

ರೋಗಾಣುಗಳು ರಕ್ತಪ್ರವಾಹವನ್ನು ಸೇರಿ, ಅದಕ್ಕೆ ಪ್ರತಿಯಾಗಿ ದೇಹ ಹೂಡುವ ಹೋರಾಟವೇ ಹಿಡಿತ ತಪ್ಪಿ ಅಂಗಾಂಗಗಳನ್ನು ಕೆಡಿಸುವ ಸ್ಥಿತಿಯನ್ನು ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ಜನಿಸಿದ 72 ಗಂಟೆಗಳೊಳಗೆ ಕಾಣಿಸಿಕೊಂಡರೆ ಅದು ಮುಂಚಿನ ನಂಜು. ಸಾಮಾನ್ಯವಾಗಿ ತಾಯಿಯ ಗರ್ಭಕೋಶದಿಂದಲೋ ಜನನ ಮಾರ್ಗದಿಂದಲೋ ಬಂದ ರೋಗಾಣು ಇದಕ್ಕೆ ಕಾರಣ. ಅನಂತರ ಬಂದರೆ ಅದು ತಡವಾದ ನಂಜು. ಆಸ್ಪತ್ರೆಯ ಕೈಗಳು, ಕೊಳವೆಗಳು, ಸೂಜಿಗಳು, ಹಾಲುಣಿಸುವ ಸಾಧನಗಳು ಇದರ ದಾರಿಗಳು.

ದೊಡ್ಡವರಲ್ಲಾದರೆ ಜ್ವರ, ನಡುಕ ಕಾಣಿಸುತ್ತದೆ. ದಿನ ತುಂಬದ ಮಗುವಿನಲ್ಲಿ ಹಾಗಲ್ಲ. ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ಮೈ ತಣ್ಣಗಾಗುತ್ತದೆ, ಮಗು ಮಂಕಾಗುತ್ತದೆ, ಉಸಿರು ನಡುನಡುವೆ ನಿಲ್ಲುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಬೆಳಗ್ಗೆ ಚೆನ್ನಾಗಿದ್ದ ಮಗು ಸಂಜೆಗೆ ಕೈಮೀರಿ ಹೋಗುವುದೂ ಉಂಟು. ಇಷ್ಟು ಮೆಲ್ಲಗೆ ಬಂದು ಇಷ್ಟು ಬೇಗ ಮುಗಿಸುವ ಕಾಯಿಲೆ ಬೇರೊಂದಿಲ್ಲ ಎಂದು ಮಕ್ಕಳ ವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಅರ್ಧಕ್ಕೇ ನಿಂತ ತಾಯಿಯ ಕಾಣಿಕೆ

ಮಗು ಹುಟ್ಟುವಾಗ ಅದರ ಬಳಿ ಸ್ವಂತ ಅನುಭವದ ರೋಗನಿರೋಧಕ ಶಕ್ತಿ ಇರುವುದಿಲ್ಲ. ಹಾಗಾಗಿ ತಾಯಿ ತನ್ನ ಜೀವಮಾನದಲ್ಲಿ ಎದುರಿಸಿದ ಸೋಂಕುಗಳ ನೆನಪನ್ನು ಪ್ರತಿಕಾಯಗಳ ರೂಪದಲ್ಲಿ ಮಾಸಿನ ಮೂಲಕ ಮಗುವಿಗೆ ದಾಟಿಸುತ್ತಾಳೆ. ಐಜಿಜಿ ಎಂಬ ಈ ಪ್ರತಿಕಾಯಗಳ ಬಹುಪಾಲು ಹರಿದುಬರುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬಿ ಹುಟ್ಟಿದ ಮಗುವಿನ ರಕ್ತದಲ್ಲಿ ಅವುಗಳ ಮಟ್ಟ ತಾಯಿಯ ಮಟ್ಟಕ್ಕೆ ಸಮನಾಗಿರುತ್ತದೆ, ಎಷ್ಟೋ ಬಾರಿ ಅದನ್ನು ಮೀರಿರುತ್ತದೆ. ಆರೇಳು ತಿಂಗಳಿಗೇ ಹುಟ್ಟಿದ ಮಗುವಿಗೆ ಈ ಕಾಣಿಕೆ ಅರ್ಧವೂ ದಕ್ಕಿರುವುದಿಲ್ಲ.

ಕೊರತೆ ಅಲ್ಲಿಗೇ ನಿಲ್ಲುವುದಿಲ್ಲ. ಸೋಂಕಿಗೆ ಮೊದಲ ತಡೆಗೋಡೆ ಚರ್ಮ. ಬಹಳ ಮುಂಚೆ ಹುಟ್ಟಿದ ಮಗುವಿನಲ್ಲಿ ಅದರ ಹೊರಪದರ ಇನ್ನೂ ಬಲಿತಿರುವುದಿಲ್ಲ. ಅಂಟುಪಟ್ಟಿ ಕಿತ್ತರೂ ಸಿಪ್ಪೆ ಏಳುವಷ್ಟು ತೆಳುವಾದ ಆ ಚರ್ಮ ಗಟ್ಟಿಯಾಗಲು ಹುಟ್ಟಿದ ಮೇಲೆ ವಾರಗಳೇ ಬೇಕು. ಕರುಳಿನ ಒಳಪೊರೆಯ ಸ್ಥಿತಿಯೂ ಇದೇ. ರಕ್ತದಲ್ಲಿದ್ದು ರೋಗಾಣುಗಳಿಗೆ ಗುರುತು ಹಚ್ಚಿ ಅವುಗಳ ಹೊದಿಕೆಯನ್ನು ತೂತು ಮಾಡುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ವಯಸ್ಕರಲ್ಲಿರುವುದರ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ.

ಬಿಳಿ ರಕ್ತಕಣಗಳ ಪೈಕಿ ಮುಂಚೂಣಿಯಲ್ಲಿ ಹೋರಾಡುವವು ನ್ಯೂಟ್ರೋಫಿಲ್‌ಗಳು. ವಯಸ್ಕರ ಮೂಳೆಯ ಮಜ್ಜೆಯಲ್ಲಿ ಇವುಗಳ ದೊಡ್ಡ ಮೀಸಲು ಪಡೆಯೇ ಇರುತ್ತದೆ. ದಿನ ತುಂಬದ ಮಗುವಿನಲ್ಲಿ ಈ ಮೀಸಲು ತೀರಾ ಚಿಕ್ಕದು. ತೀವ್ರ ಸೋಂಕು ತಗುಲಿದ ಕೆಲವೇ ಗಂಟೆಗಳಲ್ಲಿ ಅದು ಬರಿದಾಗಬಹುದು. ನಂಜಿನಿಂದ ಬಳಲುವ ಮಗುವಿನ ರಕ್ತದಲ್ಲಿ ಈ ಕಣಗಳ ಸಂಖ್ಯೆ ಏರದೆ ಕುಸಿದರೆ ವೈದ್ಯರು ಗಾಬರಿಗೊಳ್ಳುವುದು ಇದಕ್ಕೇ. ಜತೆಗೆ ಈ ಕಣಗಳು ಸೋಂಕಿನ ಜಾಗಕ್ಕೆ ತಲುಪುವುದೂ ನಿಧಾನ. ರೋಗಾಣುಗಳನ್ನು ಬಲೆಯಂತೆ ಹಿಡಿದಿಡುವ ಸಾಮರ್ಥ್ಯವೂ ಕಡಿಮೆ.

ದೌರ್ಬಲ್ಯವೇ, ಪ್ರಕೃತಿಯ ವಿವೇಕವೇ?

ಇಷ್ಟನ್ನು ಓದಿದವರಿಗೆ ಇದು ಕೇವಲ ಕೊರತೆಗಳ ಪಟ್ಟಿಯೆಂದು ತೋರಬಹುದು. ಎರಡು ದಶಕಗಳ ಹಿಂದೆ ವಿಜ್ಞಾನಿಗಳಲ್ಲಿ ಬಹುಮಂದಿಯ ನಿಲುವೂ ಹೆಚ್ಚುಕಡಿಮೆ ಇದೇ ಆಗಿತ್ತು. ಈಗ ಆ ನಿಲುವು ಬದಲಾಗಿದೆ.

ಭ್ರೂಣವು ತಾಯಿಯ ಗರ್ಭದಲ್ಲಿ ಒಂಬತ್ತು ತಿಂಗಳು ಕಳೆಯಬೇಕು. ತಾಯಿಯ ಜೀವಕೋಶಗಳು ಅದಕ್ಕೆ ಅರ್ಧ ಪರಕೀಯ. ಅವುಗಳ ಮೇಲೆ ಯುದ್ಧ ಸಾರಿದರೆ ಬಸಿರೇ ಉಳಿಯದು. ಹುಟ್ಟಿದ ಕೂಡಲೇ ಕೋಟ್ಯಂತರ ಸೂಕ್ಷ್ಮಜೀವಿಗಳು ಕರುಳಿನಲ್ಲಿ ಬಂದು ನೆಲೆಸುತ್ತವೆ. ಅವುಗಳಲ್ಲಿ ಬಹುಪಾಲು ನಿರಪಾಯಕಾರಿ, ಅನೇಕವು ಬೇಕಾದವು. ಅವೆಲ್ಲವನ್ನೂ ವೈರಿಗಳೆಂದು ಬಗೆದರೆ ಕರುಳೇ ಉರಿದು ಹೋದೀತು. ಆದ್ದರಿಂದ ನವಜಾತ ಶಿಶುವಿನ ರೋಗನಿರೋಧಕ ವ್ಯವಸ್ಥೆ ಉದ್ದೇಶಪೂರ್ವಕವಾಗಿಯೇ ತನ್ನನ್ನು ತಡೆದು ಹಿಡಿದಿರುತ್ತದೆ ಎಂಬುದು ಇಂದಿನ ತಿಳಿವಳಿಕೆ. ಉರಿಯೂತವನ್ನು ಕೆರಳಿಸುವ ಕೆಲವು ಸಂದೇಶವಾಹಕಗಳನ್ನು ಅದು ಕಡಿಮೆ ತಯಾರಿಸುತ್ತದೆ, ತಣಿಸುವಂಥವನ್ನು ಹೆಚ್ಚು ತಯಾರಿಸುತ್ತದೆ.

2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದಕ್ಕೆ ಬಲ ನೀಡಿತು. ನವಜಾತ ಇಲಿಮರಿಗಳಲ್ಲೂ ಮಾನವ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಲ್ಲೂ ಹೇರಳವಾಗಿರುವ ಎಳೆಯ ಕೆಂಪು ರಕ್ತಕಣಗಳು ರೋಗನಿರೋಧಕ ಕಣಗಳನ್ನು ತಡೆಹಿಡಿಯುತ್ತವೆ ಎಂದು ಅದು ತೋರಿಸಿತು. ಇಲಿಮರಿಗಳಿಂದ ಆ ಕಣಗಳನ್ನು ತೆಗೆದಾಗ ಸೋಂಕನ್ನು ಎದುರಿಸುವ ಶಕ್ತಿ ಹೆಚ್ಚಿತು. ಆದರೆ ಸಾಧಾರಣ ಸೂಕ್ಷ್ಮಜೀವಿಗಳಿಗೂ ಕರುಳು ಉರಿಯೂತಕ್ಕೆ ತುತ್ತಾಯಿತು. ನಂಜಿನಲ್ಲಿ ಈ ಕಣಗಳ ಪಾತ್ರವೆಷ್ಟು ಎಂಬ ಬಗ್ಗೆ ಮುಂದೆ ಭಿನ್ನಾಭಿಪ್ರಾಯ ಮೂಡಿತಾದರೂ, ಶಿಶುವಿನ ಸಂಯಮಕ್ಕೆ ಒಂದು ಕಾರಣವಿದೆ ಎಂಬ ಮಾತು ಗಟ್ಟಿಯಾಯಿತು.

ಸಮಸ್ಯೆ ಹುಟ್ಟುವುದು ಈ ಸಂಯಮ ಅಕಾಲದಲ್ಲಿ ಹೊರಜಗತ್ತಿಗೆ ಬಂದಾಗ. ಇಪ್ಪತ್ತೆಂಟು ವಾರದ ಮಗು ಗರ್ಭದಲ್ಲಿರಬೇಕಾದ ತಾಳ್ಮೆಯನ್ನು ತೀವ್ರ ನಿಗಾ ಘಟಕದಲ್ಲಿ ತೋರುತ್ತದೆ. ಮೊದಲು ಸುಮ್ಮನಿದ್ದು, ರೋಗಾಣು ಮಿತಿಮೀರಿ ಬೆಳೆದ ಮೇಲೆ ದೇಹ ಒಮ್ಮೆಲೇ ಕೆರಳುತ್ತದೆ. ಆಗಿನ ಉರಿಯೂತವನ್ನು ತಣಿಸುವ ಹತೋಟಿ ಅದಕ್ಕಿಲ್ಲ. ಬೇಲಿಯೇ ಎದ್ದು ಹೊಲ ಮೇಯುವ ಸ್ಥಿತಿಯದು. ಈ ಉರಿಯೂತದ ಬಿಸಿ ತಗಲುವುದು ಇನ್ನೂ ರೂಪುಗೊಳ್ಳುತ್ತಿರುವ ಮಿದುಳಿಗೆ, ಶ್ವಾಸಕೋಶಕ್ಕೆ, ಕರುಳಿಗೆ, ಕಣ್ಣಿನ ಅಕ್ಷಿಪಟಲಕ್ಕೆ. ನಂಜಿನಿಂದ ಬದುಕುಳಿದ ಮಕ್ಕಳಲ್ಲಿ ಮಿದುಳಿನ ಪಾರ್ಶ್ವವಾಯು, ಕಲಿಕೆಯ ತೊಂದರೆ, ದೃಷ್ಟಿದೋಷಗಳು ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಸಾವಿನ ಅಂಕಿಅಂಶಗಳಲ್ಲಿ ಈ ಲೆಕ್ಕ ಸೇರುವುದಿಲ್ಲ.

ಬಲ ತುಂಬುವ ಯತ್ನಗಳ ಪಾಠ

ಮಗುವಿಗೆ ಕೊರತೆಯಿರುವುದನ್ನು ಹೊರಗಿನಿಂದ ತುಂಬಿದರಾಯಿತಲ್ಲ ಎಂಬುದು ಸಹಜ ಆಲೋಚನೆ. ವೈದ್ಯವಿಜ್ಞಾನ ಆ ದಾರಿಯನ್ನು ಪ್ರಾಮಾಣಿಕವಾಗಿಯೇ ಶೋಧಿಸಿದೆ. ಫಲಿತಾಂಶಗಳು ಮಾತ್ರ ನಿರಾಶಾದಾಯಕ.

ಪ್ರತಿಕಾಯಗಳಿಲ್ಲವೇ? ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು ಒಂಬತ್ತು ದೇಶಗಳ 3,493 ಶಿಶುಗಳನ್ನೊಳಗೊಂಡ ಪ್ರಯೋಗದಲ್ಲಿ ನೀಡಿ ನೋಡಲಾಯಿತು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡು ವರ್ಷ ವಯಸ್ಸಿನ ಹೊತ್ತಿಗೆ ಸಾವು ಅಥವಾ ತೀವ್ರ ಅಂಗವೈಕಲ್ಯಕ್ಕೆ ಗುರಿಯಾದವರ ಪ್ರಮಾಣ ಔಷಧಿ ಪಡೆದವರಲ್ಲೂ ಪಡೆಯದವರಲ್ಲೂ ಶೇ. 39. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ನ್ಯೂಟ್ರೋಫಿಲ್‌ಗಳು ಕಡಿಮೆಯೇ? ಮಜ್ಜೆಯನ್ನು ಪ್ರಚೋದಿಸುವ ಚುಚ್ಚುಮದ್ದನ್ನು ಬ್ರಿಟನ್ನಿನಲ್ಲಿ 280 ಶಿಶುಗಳ ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. 2009ರ ಆ ವರದಿಯಂತೆ ಕಣಗಳ ಸಂಖ್ಯೆಯೇನೋ ಏರಿತು, ನಂಜು ಕಡಿಮೆಯಾಗಲಿಲ್ಲ. ಎದೆಹಾಲಿನಲ್ಲಿರುವ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನನ್ನು ಹಸುವಿನ ಹಾಲಿನಿಂದ ತೆಗೆದು 2,203 ಶಿಶುಗಳ ಪ್ರಯೋಗದಲ್ಲಿ ಕೊಟ್ಟು ನೋಡಿದ ಬ್ರಿಟಿಷ್ ಅಧ್ಯಯನ 2019ರಲ್ಲಿ ಹೊರಬಂತು. ಅಲ್ಲಿಯೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಇನ್ನೊಂದು ಪ್ರಯೋಗಕ್ಕೆ ನಮ್ಮ ಬೆಳಗಾವಿಯ ನಂಟಿದೆ. ಹೆರಿಗೆ ನೋವಿನ ಸಮಯದಲ್ಲಿ ತಾಯಿಗೆ ಅಜಿಥ್ರೋಮೈಸಿನ್ ಗುಳಿಗೆ ನೀಡಿದರೆ ತಾಯಿ-ಮಗು ಇಬ್ಬರನ್ನೂ ನಂಜಿನಿಂದ ಉಳಿಸಬಹುದೇ ಎಂದು ಏಳು ದೇಶಗಳ 29,278 ಮಹಿಳೆಯರಲ್ಲಿ ಪರೀಕ್ಷಿಸಲಾಯಿತು. ಬೆಳಗಾವಿ, ನಾಗಪುರಗಳೂ ಅದರಲ್ಲಿ ಸೇರಿದ್ದವು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ತಾಯಂದಿರ ನಂಜು ಅಥವಾ ಸಾವು ಶೇ. 2.4ರಿಂದ ಶೇ. 1.6ಕ್ಕೆ ಇಳಿಯಿತು. ಶಿಶುಗಳಿಗೆ ಮಾತ್ರ ಯಾವ ಲಾಭವೂ ದೊರೆಯಲಿಲ್ಲ. ಪಶ್ಚಿಮ ಆಫ್ರಿಕಾದ ಗಿನಿ-ಬಿಸಾವುನಲ್ಲಿ ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಡೆನ್ಮಾರ್ಕ್ ತಳಿಯ ಬಿಸಿಜಿ ಲಸಿಕೆ ಹಾಕಿದಾಗ ಮೊದಲ ತಿಂಗಳ ಸಾವು ಮೂರನೇ ಒಂದರಷ್ಟು ತಗ್ಗಿತ್ತು. ಭಾರತದಲ್ಲಿ ರಷ್ಯಾ ತಳಿಯ ಲಸಿಕೆಯೊಂದಿಗೆ ನಡೆಸಿದ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ.

ಈ ಸೋಲುಗಳಿಂದ ಕಲಿಯಬೇಕಾದ ಪಾಠ ಸ್ಪಷ್ಟವಿದೆ. ರೋಗನಿರೋಧಕ ವ್ಯವಸ್ಥೆಯೆಂಬುದು ಬಿಡಿಭಾಗಗಳ ಯಂತ್ರವಲ್ಲ. ಒಂದು ಭಾಗವನ್ನು ಹೊರಗಿನಿಂದ ತಂದು ಜೋಡಿಸಿದರೆ ಅದು ದಿನ ತುಂಬಿದ ಮಗುವಿನ ವ್ಯವಸ್ಥೆಯಾಗಿಬಿಡುವುದಿಲ್ಲ. ಒಳಗಿನ ಕೋಟೆಯನ್ನು ಬೇಗನೆ ಬಲಪಡಿಸಲಾಗದು ಎಂದಾದರೆ, ಶತ್ರುವೇ ಬಳಿ ಸುಳಿಯದಂತೆ ಹೊರಗೆ ಕಾವಲು ಕಟ್ಟುವುದು ನಮ್ಮ ಹೊಣೆ.

ಕಾವಲಿನ ಮನೆಯಲ್ಲೇ ಕಳ್ಳ

ವಿಪರ್ಯಾಸವೆಂದರೆ, ನಮ್ಮಲ್ಲಿ ಶತ್ರು ಹೆಚ್ಚಾಗಿ ಸುಳಿದಾಡುವುದು ಆಸ್ಪತ್ರೆಯೊಳಗೇ. 2011ರಿಂದ 2014ರವರೆಗೆ ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ 13,530 ಶಿಶುಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದಾಖಲಾದ ಶಿಶುಗಳಲ್ಲಿ ಶೇ. 14.3ರಷ್ಟು ಮಕ್ಕಳಿಗೆ ನಂಜು ತಗುಲಿತ್ತು. ರಕ್ತ ಪರೀಕ್ಷೆಯಲ್ಲಿ ರೋಗಾಣು ಖಚಿತಪಟ್ಟ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಉಳಿಯಲಿಲ್ಲ.

ಆ ವರದಿಯಲ್ಲಿ ಬೆಚ್ಚಿಬೀಳಿಸಿದ ಸಂಗತಿಗಳು ಎರಡು. ಪಾಶ್ಚಾತ್ಯ ದೇಶಗಳಲ್ಲಿ ಮುಂಚಿನ ನಂಜಿಗೆ ತಾಯಿಯ ಜನನ ಮಾರ್ಗದ ರೋಗಾಣುಗಳು ಪ್ರಮುಖ ಕಾರಣವಾದರೆ, ಇಲ್ಲಿ ಮೊದಲ 72 ಗಂಟೆಗಳಲ್ಲೇ ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂಥ ಆಸ್ಪತ್ರೆವಾಸಿ ರೋಗಾಣುಗಳು ಮುಂದಿದ್ದವು. ಎಂದರೆ ಹೆರಿಗೆ ಕೋಣೆಯಲ್ಲೋ ಘಟಕದೊಳಗೆ ಕಾಲಿಟ್ಟ ಮೊದಲ ಗಂಟೆಗಳಲ್ಲೋ ಸೋಂಕು ತಗುಲುತ್ತಿದೆ. ಎರಡನೆಯದಾಗಿ, ಅಸಿನೆಟೋಬ್ಯಾಕ್ಟರ್ ಮಾದರಿಗಳಲ್ಲಿ ಶೇ. 82ರಷ್ಟು ಹಲವು ವರ್ಗದ ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದಂಥವು.

ಇದು ದೆಹಲಿಯ ದೊಡ್ಡಾಸ್ಪತ್ರೆಗಳ ಕಥೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2019ರಿಂದ 2021ರವರೆಗೆ ದೇಶದ ಐದು ಜಿಲ್ಲಾ ಆಸ್ಪತ್ರೆಗಳಲ್ಲಿ 6,600ಕ್ಕೂ ಹೆಚ್ಚು ಶಿಶುಗಳನ್ನು ಗಮನಿಸಿದ ಅಧ್ಯಯನ 2025ರಲ್ಲಿ ಹೊರಬಂದಿದೆ. ಖಚಿತಪಟ್ಟ ನಂಜಿನ ಸರಾಸರಿ ಶೇ. 3.2. ಆದರೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅದು ಶೇ. 0.6ರಿಂದ ಶೇ. 10ರವರೆಗೆ ಬದಲಾಗುತ್ತದೆ. ನಂಜು ತಗುಲಿದವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಕ್ಕಳು ತೀರಿಕೊಂಡಿವೆ. ಒಂದೇ ದೇಶದ, ಒಂದೇ ದರ್ಜೆಯ ಆಸ್ಪತ್ರೆಗಳ ನಡುವೆ ಹದಿನಾರು ಪಟ್ಟಿಗೂ ಮಿಗಿಲಾದ ಅಂತರ ಏನನ್ನು ಸೂಚಿಸುತ್ತದೆ? ಮಕ್ಕಳ ದುರ್ಬಲತೆಯೊಂದೇ ಇದಕ್ಕೆ ಕಾರಣವಾಗಲಾರದು. ಘಟಕ ನಡೆಯುವ ರೀತಿಯೂ ಮಗುವಿನ ಅಳಿವು ಉಳಿವನ್ನು ನಿರ್ಧರಿಸುತ್ತಿದೆ.

ಕುರುಡು ಚಿಕಿತ್ಸೆಯ ಸುಳಿ

ನಂಜನ್ನು ಖಚಿತಪಡಿಸುವ ಪರೀಕ್ಷೆ ಬ್ಲಡ್ ಕಲ್ಚರ್. ಅದಕ್ಕೆ ಸುಮಾರು 1 ಮಿಲಿಲೀಟರ್ ರಕ್ತ ಬೇಕು. ಒಂದು ಕಿಲೋ ತೂಗದ ಮಗುವಿನಿಂದ ಅಷ್ಟನ್ನು ತೆಗೆಯುವುದೇ ಕಷ್ಟ. ಫಲಿತಾಂಶಕ್ಕೆ ಒಂದೆರಡು ದಿನ ಕಾಯಬೇಕು. ಎಷ್ಟೋ ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳಲ್ಲಿ ಈ ಸೌಲಭ್ಯ ದಿನವಿಡೀ ದೊರೆಯುವುದಿಲ್ಲ. ಸಿಆರ್‌ಪಿ ಪರೀಕ್ಷೆ ಸುಲಭವಾದರೂ ಅದರ ಮಟ್ಟ ಏರಲು ಹೊತ್ತು ಬೇಕು, ಬೇರೆ ಕಾರಣಗಳಿಗೂ ಏರುತ್ತದೆ. ಕಾದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾದೀತು. ಹಾಗಾಗಿ ವೈದ್ಯರು ಸಂಶಯ ಬಂದ ಕೂಡಲೇ ಆ್ಯಂಟಿಬಯೋಟಿಕ್ ಆರಂಭಿಸುತ್ತಾರೆ. ಆರಂಭಿಸುವುದು ತಪ್ಪಲ್ಲ. ಫಲಿತಾಂಶ ಬಂದ ಮೇಲೆಯೂ ನಿಲ್ಲಿಸದಿರುವುದು, ಫಲಿತಾಂಶವೇ ಇಲ್ಲದೆ ವಾರಗಟ್ಟಲೆ ಮುಂದುವರಿಸುವುದು ಅಪಾಯಕ್ಕೆ ದಾರಿ. ಕರುಳಿನಲ್ಲಿ ನೆಲೆಸಬೇಕಾದ ಉಪಕಾರಿ ಸೂಕ್ಷ್ಮಜೀವಿಗಳು ಅದರಿಂದ ನಾಶವಾಗಿ, ಆ ಜಾಗವನ್ನು ಔಷಧಿಗೆ ಬಗ್ಗದ ರೋಗಾಣುಗಳು ಆಕ್ರಮಿಸುತ್ತವೆ. ಮುಂದಿನ ನಂಜಿಗೆ ಅಲ್ಲೇ ಬೀಜ ಬೀಳುತ್ತದೆ.

ರೋಗಾಣುವನ್ನು ಹುಡುಕುವ ಬದಲು ಮಗುವಿನ ದೇಹದ ಪ್ರತಿಕ್ರಿಯೆಯನ್ನೇ ಓದಿ ನಂಜನ್ನು ಗುರುತಿಸುವ ಯತ್ನ ಇಲ್ಲಿ ಭರವಸೆ ಮೂಡಿಸುತ್ತದೆ. ಎಡಿನ್‌ಬರೋದ ವಿಜ್ಞಾನಿಗಳು 2014ರಲ್ಲಿ, ಸೋಂಕು ತಗುಲಿದ ಶಿಶುವಿನ ರಕ್ತದಲ್ಲಿ 52 ವಂಶವಾಹಿಗಳ ಚಟುವಟಿಕೆ ಒಂದು ನಿರ್ದಿಷ್ಟ ಮಾದರಿಯಲ್ಲಿ ಬದಲಾಗುತ್ತದೆ ಎಂದು ತೋರಿಸಿದರು. ಶಿಶುವಿನ ವ್ಯವಸ್ಥೆ ನಿದ್ರಿಸುತ್ತಿಲ್ಲ, ತನ್ನದೇ ರೀತಿಯಲ್ಲಿ ಸ್ಪಂದಿಸುತ್ತಿದೆ ಎಂಬುದಕ್ಕೂ ಅದು ಸಾಕ್ಷಿಯಾಯಿತು. ಇಂಥ ಪರೀಕ್ಷೆಗಳು ಅಗ್ಗವಾಗಿ ಹಾಸಿಗೆಯ ಪಕ್ಕಕ್ಕೆ ಬಂದ ದಿನ ಅನಗತ್ಯ ಔಷಧಿಗೆ ಕಡಿವಾಣ ಬಿದ್ದೀತು.

ಔಷಧಿಗೆ ಬಗ್ಗದ ಕ್ಲೆಬ್ಸಿಯೆಲ್ಲಾದ ವಿರುದ್ಧ ಗರ್ಭಿಣಿಯರಿಗೇ ಲಸಿಕೆ ನೀಡಿದರೆ, ಆ ಲಸಿಕೆ ಶೇ. 70ರಷ್ಟು ಪರಿಣಾಮಕಾರಿಯಾದರೂ ವರ್ಷಕ್ಕೆ 80 ಸಾವಿರದಷ್ಟು ಶಿಶುಗಳ ಸಾವನ್ನು ತಡೆಯಬಹುದೆಂದು 2023ರ ಲೆಕ್ಕಾಚಾರವೊಂದು ಅಂದಾಜಿಸಿದೆ. ಆದರೆ ತಾಯಿಯ ಪ್ರತಿಕಾಯ ಮಗುವಿಗೆ ದಾಟುವುದು ಕೊನೆಯ ತಿಂಗಳುಗಳಲ್ಲಿ ಎಂಬುದನ್ನು ಮರೆಯುವಂತಿಲ್ಲ. ಬಹಳ ಮುಂಚೆ ಹುಟ್ಟುವ ಮಗುವಿಗೆ ಅದರ ಫಲ ಕಡಿಮೆಯೇ.

ಫಲ ಕೊಟ್ಟ ಸರಳ ದಾರಿಗಳು

ಹಾಗಾದರೆ ಈಗ ಮಾಡಬಹುದಾದದ್ದೇನು? ದುಬಾರಿ ಚುಚ್ಚುಮದ್ದುಗಳು ಸೋತಲ್ಲಿ ಗೆದ್ದಿರುವುದು ತಾಯಿಯ ಎದೆ ಮತ್ತು ತಾಯಿಯ ಹಾಲು.

ಇನ್‌ಕ್ಯುಬೇಟರ್‌ಗಳ ಅಭಾವದಿಂದ ಕಂಗೆಟ್ಟಿದ್ದ ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ ವೈದ್ಯರು ಮಗುವನ್ನು ತಾಯಿಯ ಬರಿಯ ಎದೆಗೆ ಕಟ್ಟಿ ಕಾಪಾಡುವ ಕ್ರಮ ಆರಂಭಿಸಿದರು. ಅದೇ ಕಾಂಗರೂ ಆರೈಕೆ. ಮಗು ಚೇತರಿಸಿಕೊಂಡ ಮೇಲಷ್ಟೇ ಇದನ್ನು ಆರಂಭಿಸಬೇಕೆಂಬುದು ಬಹುಕಾಲದ ರೂಢಿಯಾಗಿತ್ತು. ಹುಟ್ಟಿದ ಕೂಡಲೇ ಆರಂಭಿಸಿದರೆ ಏನಾಗುತ್ತದೆ ಎಂದು ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ 3,211 ಶಿಶುಗಳಲ್ಲಿ ಪರೀಕ್ಷಿಸಲಾಯಿತು. ಭಾರತದ ಆಸ್ಪತ್ರೆ ದೆಹಲಿಯ ಸಫ್ದರ್‌ಜಂಗ್. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲ 28 ದಿನಗಳ ಸಾವು ಶೇ. 15.7ರಿಂದ ಶೇ. 12ಕ್ಕೆ ಇಳಿಯಿತು. ನಂಜಿನ ಶಂಕಿತ ಪ್ರಕರಣಗಳೂ ತಗ್ಗಿದವು. ಸಾವು ನಾಲ್ಕನೇ ಒಂದರಷ್ಟು ಕಡಿಮೆಯಾದುದನ್ನು ಕಂಡು ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2022ರ ನವೆಂಬರಿನಲ್ಲಿ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ತಾನಾಗಿ ಉಸಿರಾಡಲಾಗದ, ವೆಂಟಿಲೇಟರ್ ಬೇಕಾದ ಅಥವಾ ಆಘಾತ ಸ್ಥಿತಿಯಲ್ಲಿರುವ ಶಿಶುಗಳನ್ನುಳಿದು ಮಿಕ್ಕೆಲ್ಲ ಅವಧಿಪೂರ್ವ ಶಿಶುಗಳಿಗೆ ಕೂಡಲೇ ಕಾಂಗರೂ ಆರೈಕೆ ಆರಂಭಿಸಬೇಕೆಂದು ಅದು ಹೇಳಿದೆ.

ತಾಯಿ ಒಳಗೆ ಬಂದರೆ ಸೋಂಕು ತರುತ್ತಾಳೆ ಎಂಬ ಆತಂಕ ನಮ್ಮ ಆಸ್ಪತ್ರೆಗಳಲ್ಲಿ ಬಲವಾಗಿ ಬೇರೂರಿದೆ. ಪುರಾವೆ ಹೇಳುವುದು ತದ್ವಿರುದ್ಧ. ತಾಯಿಯ ಎದೆಯ ಮೇಲಿರುವ ಮಗುವಿನ ಮೈಮೇಲೆ ಮೊದಲು ನೆಲೆಸುವುದು ಅವಳ ಸೂಕ್ಷ್ಮಜೀವಿಗಳು, ಆಸ್ಪತ್ರೆಯವಲ್ಲ. ಮಗುವನ್ನು ಮುಟ್ಟುವ ಕೈಗಳ ಸಂಖ್ಯೆ ಕಡಿಮೆಯಾಗುತ್ತದೆ. ಹಾಲು ಬೇಗ ಇಳಿಯುತ್ತದೆ. ಮೊದಲ ದಿನಗಳ ಗಿಣ್ಣು ಹಾಲಿನಲ್ಲಿ ಕರುಳಿನ ಒಳಪೊರೆಗೆ ಕವಚವಾಗುವ ಐಜಿಎ ಪ್ರತಿಕಾಯಗಳು ತುಂಬಿರುತ್ತವೆ. ಮಾಸಿನ ಮೂಲಕ ಪೂರ್ತಿ ದಕ್ಕದ ಕಾಣಿಕೆಯ ಒಂದಂಶ ಹೀಗೆ ಬೇರೆ ದಾರಿಯಿಂದ ಬಂದು ಸೇರುತ್ತದೆ. ದಿನ ತುಂಬದ ಮಗುವಿಗೆ ತಾಯಿಯೇ ರೋಗನಿರೋಧಕ ವ್ಯವಸ್ಥೆಯ ಹೊರಗಿನ ಅರ್ಧ. ಅವಳನ್ನು ಘಟಕದ ಬಾಗಿಲಾಚೆ ಕೂರಿಸಿದರೆ ಮಗುವಿನ ಅರ್ಧ ಬಲವನ್ನು ಹೊರಗಿಟ್ಟಂತೆ.

ತಾಯಿಯ ಹಾಲು ಸಾಲದಾದಾಗ ದಾನಿ ತಾಯಂದಿರ ಹಾಲು ಎರಡನೆಯ ಆಯ್ಕೆ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಷ್ಟು ಹಿಂದೆಯೇ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಆರಂಭವಾಗಿತ್ತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಸರ್ಕಾರಿ ಹಾಲಿನ ಬ್ಯಾಂಕ್ ತೆರೆಯಲು 2022ರವರೆಗೆ ಕಾಯಬೇಕಾಯಿತು.

ಒಡಿಶಾದ ಹಳ್ಳಿಗಳಲ್ಲಿ 4,556 ಶಿಶುಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗವೂ ಗಮನಾರ್ಹ. ಒಂದು ಬಗೆಯ ಉಪಕಾರಿ ಬ್ಯಾಕ್ಟೀರಿಯಾ ಮತ್ತು ಅದಕ್ಕೆ ಆಹಾರವಾಗುವ ಸಕ್ಕರೆಯನ್ನು ಒಂದು ವಾರ ಬಾಯಿಗೆ ಹಾಕಿದಾಗ ನಂಜು ಮತ್ತು ಸಾವಿನ ಒಟ್ಟು ಪ್ರಮಾಣ ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ಆದರೆ ಅವು 35 ವಾರ ದಾಟಿದ, 2 ಕಿಲೋ ಮೀರಿದ ಮಕ್ಕಳು. ತೀರಾ ಎಳೆಯ ಮಕ್ಕಳಿಗೆ ಇದನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಪ್ರೊಬಯೋಟಿಕ್‌ನಲ್ಲಿದ್ದ ಬ್ಯಾಕ್ಟೀರಿಯಾವೇ ರಕ್ತ ಸೇರಿ ಅವಧಿಪೂರ್ವ ಶಿಶುವೊಂದು ತೀರಿಕೊಂಡ ಬಳಿಕ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಕೆ ನೀಡಿತು. ಅಂಗಡಿಯಲ್ಲಿ ಸಿಗುವ ಪುಡಿಯನ್ನು ವೈದ್ಯರ ಮಾತಿಲ್ಲದೆ ಕೊಡುವುದು ಅಪಾಯ.

ಕರ್ನಾಟಕದ ಮುಂದಿರುವ ಕೆಲಸ

ನಮ್ಮಲ್ಲಿ ಅನುಭವದ ಕೊರತೆಯಿಲ್ಲ. ಕಾಂಗರೂ ಆರೈಕೆಯನ್ನು ಇಡೀ ಜನಸಮುದಾಯಕ್ಕೆ ವಿಸ್ತರಿಸುವ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನಕ್ಕೆ ಭಾರತದಲ್ಲಿ ಆಯ್ಕೆಯಾದ ಸ್ಥಳಗಳಲ್ಲಿ ನಮ್ಮ ಕೊಪ್ಪಳ ಜಿಲ್ಲೆಯೂ ಒಂದು. ಈ ಸ್ಥಳಗಳಲ್ಲಿ 2 ಕಿಲೋಗಿಂತ ಕಡಿಮೆ ತೂಕದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಪರಿಣಾಮಕಾರಿ ಆರೈಕೆ ತಲುಪಿಸಲು ಸಾಧ್ಯವೆಂದು ಅದು ತೋರಿಸಿತು. ಬೆಳಗಾವಿಯೂ ಪಾಲ್ಗೊಂಡ ಇನ್ನೊಂದು ಅಂತರರಾಷ್ಟ್ರೀಯ ಪ್ರಯೋಗ, ಚೊಚ್ಚಲ ಬಸುರಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ನೀಡಿದರೆ ಅವಧಿಪೂರ್ವ ಹೆರಿಗೆ ಶೇ. 13.1ರಿಂದ ಶೇ. 11.6ಕ್ಕೆ ಇಳಿಯುವುದೆಂದು 2020ರಲ್ಲಿ ತಿಳಿಸಿತು. ಕೊಪ್ಪಳದಲ್ಲಿ, ಬೆಳಗಾವಿಯಲ್ಲಿ ಸಾಧ್ಯವಾದದ್ದು ಮಿಕ್ಕ ಜಿಲ್ಲೆಗಳಲ್ಲಿ ನಿತ್ಯದ ಪದ್ಧತಿಯಾಗಬೇಕು.

ಸರ್ಕಾರ ಮಾಡಬೇಕಾದದ್ದನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು. ಮೊದಲನೆಯದು ದಾದಿಯರು. ಒಬ್ಬ ದಾದಿಗೆ ಮೂರು-ನಾಲ್ಕು ಮಕ್ಕಳು ಎಂಬುದು ವಿಶೇಷ ಘಟಕಗಳ ಮಾನದಂಡ. ಅದರ ದುಪ್ಪಟ್ಟು ಮಕ್ಕಳನ್ನು ನೋಡಿಕೊಳ್ಳುವಾಕೆ ಪ್ರತಿ ಮಗುವಿನ ನಡುವೆ ಕೈ ತೊಳೆಯಲಿ ಎಂದು ಬಯಸುವುದು ಸುಲಭ, ಆಗುವುದು ಕಷ್ಟ. ಹೊಸ ವೆಂಟಿಲೇಟರ್‌ನ ಉದ್ಘಾಟನೆಗೆ ಫೋಟೊ ಇರುತ್ತದೆ, ದಾದಿಯರ ನೇಮಕಕ್ಕೆ ಇರುವುದಿಲ್ಲ. ಎರಡನೆಯದು, ಪ್ರತಿ ಜಿಲ್ಲೆಯಲ್ಲೂ ಹಗಲಿರುಳು ನಡೆಯುವ ಕಲ್ಚರ್ ಪ್ರಯೋಗಾಲಯ. ಮೂರನೆಯದು, ಘಟಕದೊಳಗೇ ತಾಯಿಗೊಂದು ಹಾಸಿಗೆ, ಊಟ, ಶೌಚಾಲಯ. ನಾಲ್ಕನೆಯದು, ಪ್ರತಿ ಘಟಕದ ನಂಜಿನ ಪ್ರಮಾಣವನ್ನು ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದಿಡುವುದು. ಖಾಸಗಿ ಆಸ್ಪತ್ರೆಗಳಿಗೂ ಇದು ಅನ್ವಯವಾಗಬೇಕು. ದಿನಕ್ಕೆ ಸಾವಿರಾರು ರೂಪಾಯಿ ತೆರುವ ಪೋಷಕರಿಗೆ ಆ ಘಟಕ ಎಷ್ಟು ಸುರಕ್ಷಿತವೆಂದು ತಿಳಿಯುವ ಹಕ್ಕಿಲ್ಲವೇ? ಅಂಕಿಅಂಶ ಬಹಿರಂಗವಾದರೆ ಆಸ್ಪತ್ರೆಗಳು ಕಠಿಣ ಸ್ಥಿತಿಯ ಮಕ್ಕಳನ್ನು ಸೇರಿಸಿಕೊಳ್ಳಲು ಹಿಂದೇಟು ಹಾಕಬಹುದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಮಕ್ಕಳ ತೂಕ ಮತ್ತು ಗರ್ಭದ ವಾರಗಳಿಗೆ ಅನುಗುಣವಾಗಿ ಲೆಕ್ಕ ಹಾಕುವುದು ಅದಕ್ಕೆ ಪರಿಹಾರ.

ನಗರವಾಸಿ ಓದುಗರ ಪಾಲೂ ಇದರಲ್ಲಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-20ರ ಸುತ್ತಿನಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. ಒಳ್ಳೆಯ ನಕ್ಷತ್ರ, ಮುಹೂರ್ತ ನೋಡಿ ವಾರಗಳ ಮೊದಲೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಕುಟುಂಬಗಳು ಮಗುವಿಗೆ ದಕ್ಕಬೇಕಾದ ಪ್ರತಿಕಾಯಗಳನ್ನು ತಾವೇ ತಡೆಯುತ್ತಿವೆ. ಮನೆಗೆ ಬಂದ ಎಳೆಯ ಕೂಸಿಗೆ ಜೇನು, ಸಕ್ಕರೆ ನೀರು, ತೇಯ್ದ ಬಜೆ ನೆಕ್ಕಿಸುವುದೂ ರೋಗಾಣುಗಳಿಗೆ ಬಾಗಿಲು ತೆರೆದಂತೆ. ಹಾಗೆಂದು ನಮ್ಮ ಬಾಣಂತನದ ಪದ್ಧತಿಯೆಲ್ಲವೂ ತಪ್ಪಲ್ಲ. ಬಾಣಂತಿ-ಕೂಸನ್ನು ಬೆಚ್ಚನೆಯ ಕೋಣೆಯಲ್ಲಿಟ್ಟು, ಕಂಡಕಂಡವರು ಎತ್ತಿಕೊಳ್ಳದಂತೆ ಕಾಯುತ್ತಿದ್ದ ಹಿರಿಯರ ಕ್ರಮದಲ್ಲಿ ವಿವೇಕವಿದೆ. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಬಾರಿ ಉಸಿರಾಡಿದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ತಂಡ ಹಳ್ಳಿಯ ಮಹಿಳೆಯರಿಗೆ ಇಂಥ ಚಿಹ್ನೆಗಳನ್ನು ಗುರುತಿಸಿ ಚಿಕಿತ್ಸೆ ನೀಡಲು ಕಲಿಸಿ, ನವಜಾತ ಶಿಶುಗಳ ಮರಣವನ್ನು ಶೇ. 62ರಷ್ಟು ತಗ್ಗಿಸಿದ್ದನ್ನು 1999ರಲ್ಲೇ ಜಗತ್ತು ಕಂಡಿದೆ. ಇಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮಗುವನ್ನು ನೋಡುವ ಪದ್ಧತಿಗೆ ಆ ಪ್ರಯೋಗವೇ ಪ್ರೇರಣೆ. ಆ ಭೇಟಿಗಳನ್ನು ನಗರದ ಕೊಳೆಗೇರಿಗಳಿಗೂ ಸಮರ್ಪಕವಾಗಿ ಮುಟ್ಟಿಸಬೇಕಾಗಿದೆ.

ಕೈ ತೊಳೆಯುವುದು, ಎದೆಹಾಲು ಉಣಿಸುವುದು, ತಾಯಿಯನ್ನು ಒಳಗೆ ಬಿಡುವುದು. ಯಾವುದೂ ಹೊಸದಲ್ಲ, ಯಾವುದಕ್ಕೂ ವಿದೇಶಿ ವಿನಿಮಯ ಬೇಕಿಲ್ಲ. 2030ಕ್ಕೆ ಉಳಿದಿರುವ ಅವಧಿ ಕಡಿಮೆ. ಒಂದೇ ದರ್ಜೆಯ ಆಸ್ಪತ್ರೆಗಳ ಪೈಕಿ ಒಂದು ನಂಜನ್ನು ಶೇ. 0.6ಕ್ಕೆ ಹಿಡಿದಿಡಬಲ್ಲದಾದರೆ, ಮಿಕ್ಕವು ಏಕೆ ಹಿಡಿದಿಡಲಾಗದು ಎಂಬ ಪ್ರಶ್ನೆಗೆ ಆರೋಗ್ಯ ಇಲಾಖೆ ಜಿಲ್ಲೆವಾರು ಉತ್ತರ ನೀಡಬೇಕಾಗಿದೆ.